ನಂಜನಗೂಡಿನಿಂದ ವಿ.ಪಿ.ಪಿ. ಮೂಲಕ



ನಂಜನಗೂಡು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಶ್ರೀಕಂಠೇಶ್ವರನ ಗೋಪುರ, ಕಪಿಲಾ ನದಿ, ದೊಡ್ಡ ಜಾತ್ರೆ... ಇವು ಊರಿಗೆ ಹೋಗಿ ಬಂದವರಿಗೆ. ಮಾಟುಂಗದಲ್ಲೋ ಮೈಲಾಪುರದಲ್ಲೋ ಹುಟ್ಟಿ ಬೆಳೆದವರಿಗೂ ಎರಡು ಹೆಸರು ಗೊತ್ತಿರುತ್ತದೆ: ರಸಬಾಳೆ ಮತ್ತು ಹಲ್ಲುಪುಡಿ. ಊರಿಂದ ಬರುವ ಅಜ್ಜಿಯ ಚೀಲದಲ್ಲಿ ಆ ಗುಲಾಬಿ ಬಣ್ಣದ ಪುಡಿಯ ಪೊಟ್ಟಣ ಇಲ್ಲದಿದ್ದರೆ ಪ್ರಯಾಣವೇ ಪೂರ್ತಿಯಾಗುತ್ತಿರಲಿಲ್ಲ, ಅಲ್ಲವೇ? ಆ ಹಲ್ಲುಪುಡಿ ತಯಾರಿಸುವ ಸದ್ವೈದ್ಯಶಾಲೆಯನ್ನು ಬಿ.ವಿ. ಪಂಡಿತರು ಆರಂಭಿಸಿದ್ದು 1913ರಲ್ಲಿ.

ಅದೇ ಊರಿನಲ್ಲಿ, ಅದೇ 1913ರಲ್ಲಿ, ಇನ್ನೊಂದು ಸಣ್ಣ ಉದ್ಯಮವೂ ಶುರುವಾಯಿತು. ಅದಕ್ಕೆ ಅಂಗಡಿ ಇರಲಿಲ್ಲ. ಅದರ ಸರಕು ಪುಸ್ತಕ, ಅದರ ವಿಳಾಸ ಒಂದು ಮನೆ. ಆ ಪುಸ್ತಕಗಳನ್ನು ಬರೆದು, ಆರಿಸಿ, ಅಚ್ಚು ಹಾಕಿಸಿ, ಓದುಗರಿಗೆ ತಲುಪಿಸುವ ಹೊಣೆ ಹೊತ್ತವರು 26 ವರ್ಷದ ಒಬ್ಬ ವಿಧವೆ. ಅವರ ಹೆಸರು ತಿರುಮಲಾಂಬ. ಗ್ರಂಥಮಾಲೆಯ ಹೆಸರು 'ಸತೀ ಹಿತೈಷಿಣೀ'.

ಮನೆಯಿಂದಲೇ ಏನಾದರೊಂದು ಕಸುಬು ನಡೆಸುವ ಕೇಳುಗರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ಒಬ್ಬರು ಕಸೂತಿ ಹಾಕುತ್ತೀರಿ, ಒಬ್ಬರು ಅನುವಾದ ಮಾಡುತ್ತೀರಿ, ಒಬ್ಬರು ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೀರಿ, ಮತ್ತೊಬ್ಬರು ಮದುವೆಯ ಕರೆಯೋಲೆ ವಿನ್ಯಾಸ ಮಾಡುತ್ತೀರಿ. 'ಮನೇಲೇ ಇರ್ತೀರಲ್ಲ, ನಿಮಗೇನು ಕೆಲಸ?' ಎಂಬ ಪ್ರಶ್ನೆ ನಿಮಗೆ ಹೊಸದಲ್ಲ. ಅದಕ್ಕೇ ಈ ಸಲದ ಇತಿಹಾಸದ ಪುಟ ತಿರುಮಲಾಂಬ ಅವರಿಗೆ ಮೀಸಲು. ಅವರನ್ನು ಹೊಸಗನ್ನಡದ ಮೊದಲ ಕಾದಂಬರಿಗಾರ್ತಿಯರಲ್ಲಿ ಒಬ್ಬರು, ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದೆಲ್ಲ ಈಗ ನೆನೆಯುತ್ತೇವೆ. ಆದರೆ 'ಮೊದಲ' ಎಂಬ ಪದ ಸೇರಿಸಿ ಸನ್ಮಾನ ಮಾಡಿಬಿಟ್ಟರೆ ಆ ಕೆಲಸ ನಡೆದದ್ದು ಹೇಗೆ, ಅದರ ಹಣ ಬಂದದ್ದೆಲ್ಲಿಂದ, ಅದು ನಿಂತದ್ದೇಕೆ ಎಂಬ ಪ್ರಶ್ನೆಗಳು ಹಾಗೇ ಉಳಿದುಬಿಡುತ್ತವೆ. ಇವತ್ತು ಅವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಹಿನ್ನೆಲೆ

ತಿರುಮಲಾಂಬ ಹುಟ್ಟಿದ್ದು 1887ರಲ್ಲಿ, ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಅಂದಿನ ಪದ್ಧತಿಯಂತೆ ಹತ್ತು ವರ್ಷಕ್ಕೆ ಮದುವೆಯಾಯಿತು. ಹದಿನಾಲ್ಕು ವರ್ಷಕ್ಕೆ ಗಂಡ ಪ್ಲೇಗಿಗೆ ತುತ್ತಾದರು. 1898ರಲ್ಲಿ ಮೈಸೂರು ಸೀಮೆಗೆ ಕಾಲಿಟ್ಟ ಆ ಮಾರಿ ಎಷ್ಟೋ ಮನೆಗಳ ಬಾಗಿಲು ಮುಚ್ಚಿಸಿತ್ತು. ಹದಿನಾಲ್ಕು ವರ್ಷದ ಹುಡುಗಿಗೆ ಮುಂದೆ ಉಳಿದದ್ದು ಅಡಿಗೆಮನೆ, ದೇವರಮನೆ, ಹಿತ್ತಲು.

ಆ ಮನೆಯ ಒಂದು ವಿಶೇಷವೆಂದರೆ, ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಪುರಾಣ ಓದಿಸಿದರು, ಕನ್ನಡದ ಜೊತೆಗೆ ಬೇರೆ ಭಾಷೆಯ ಪುಸ್ತಕಗಳೂ ಬಂದವು. ಕಲಿತದ್ದನ್ನು ಆಕೆ ತಾನೊಬ್ಬಳೇ ಇಟ್ಟುಕೊಳ್ಳಲಿಲ್ಲ. ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಓದು ಬರಹ ಹೇಳಿಕೊಟ್ಟರು. ಗಮನಿಸಿ, ಗ್ರಂಥಮಾಲೆ ಹುಟ್ಟುವ ಮೊದಲೇ ಅದರ ಓದುಗರು ಎಂಥವರು ಎಂಬುದು ಆ ಮನೆಯಲ್ಲೇ ಕಣ್ಣಿಗೆ ಕಾಣುತ್ತಿತ್ತು. ತನ್ನ ಗಿರಾಕಿ ಯಾರು, ಆಕೆಗೆ ಯಾವ ಪದ ಅರ್ಥವಾಗುತ್ತದೆ, ಯಾವ ಕತೆಗೆ ಕಣ್ಣಲ್ಲಿ ನೀರು ಬರುತ್ತದೆ ಎಂಬುದನ್ನು ತಿಳಿಯಲು ತಿರುಮಲಾಂಬ ಅವರು ಮನೆಯ ಹೊಸ್ತಿಲು ದಾಟಬೇಕಾಗಿರಲಿಲ್ಲ.

ಆದರೆ ಆ ಗಿರಾಕಿಗಳು ಎಷ್ಟು ಮಂದಿ? 1911ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಬ್ಬರ ಆಸುಪಾಸು! ಕನ್ನಡ ಸಾಹಿತ್ಯ ಪರಿಷತ್ತು ಇನ್ನೂ ಹುಟ್ಟಿರಲಿಲ್ಲ, ಅದು 1915ರ ಮಾತು. ಮೈಸೂರು ವಿಶ್ವವಿದ್ಯಾಲಯ ಬಂದದ್ದು 1916ರಲ್ಲಿ. ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಕಾನೂನು ತಂದದ್ದು 1933ರಲ್ಲಿ. ಅಂದರೆ ಗ್ರಂಥಮಾಲೆ ಶುರುವಾಗಿ ಇಪ್ಪತ್ತು ವರ್ಷದ ಮೇಲೆ. ನೂರು ಹೆಂಗಸರಲ್ಲಿ ಒಬ್ಬಳು ಮಾತ್ರ ಓದಬಲ್ಲಳು, ಆ ಒಬ್ಬಳ ಕೈಯಲ್ಲೂ ಸ್ವಂತದ್ದೆಂಬ ದುಡ್ಡು ಇರುವುದು ಅಪರೂಪ. ಇಂಥ ಮಾರುಕಟ್ಟೆಯನ್ನು ನಂಬಿ ಯಾವ ಸಾಹುಕಾರ ಸಾಲ ಕೊಟ್ಟಾನು, ನೀವೇ ಹೇಳಿ.

ಅಚ್ಚಿನ ಲೆಕ್ಕ

ಈಗಿನಂತೆ ಬೇಕಾದಾಗ ಹತ್ತು, ಬೇಕಾದಾಗ ಇಪ್ಪತ್ತು ಪ್ರತಿ ಅಚ್ಚು ಹಾಕಿಸುವ ಕಾಲವಲ್ಲ ಅದು. ಅಚ್ಚುಕೂಟದಲ್ಲಿ ಅಕ್ಷರಕ್ಕೊಂದು ಸೀಸದ ಮೊಳೆ. ಮೊಳೆ ಜೋಡಿಸುವವರು ಕೈಬರಹ ನೋಡಿ ಒಂದೊಂದೇ ಅಕ್ಷರ ಎತ್ತಿ ಸಾಲು ಕಟ್ಟಬೇಕು. ಒತ್ತಕ್ಷರ, ದೀರ್ಘ, ಕೊಂಬು ಎಲ್ಲ ಇರುವ ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮೊಳೆಗಳು ಬೇಕು. ಸಾಲು ಸೇರಿ ಪುಟ, ಹದಿನಾರು ಪುಟ ಸೇರಿ ಒಂದು ಫಾರಂ.

ಸಣ್ಣ ಅಚ್ಚುಕೂಟದಲ್ಲಿ ಇಡೀ ಪುಸ್ತಕಕ್ಕೆ ಸಾಕಾಗುವಷ್ಟು ಮೊಳೆ ಎಲ್ಲಿರುತ್ತಿತ್ತು? ಒಂದೆರಡು ಫಾರಂ ಅಚ್ಚಾದ ಮೇಲೆ ಮೊಳೆ ಬಿಚ್ಚಿ, ಅದೇ ಮೊಳೆಯಿಂದ ಮುಂದಿನ ಪುಟ ಕಟ್ಟಬೇಕು. ಆದ್ದರಿಂದ ಕರಡು ತಿದ್ದುವವರು ತಡ ಮಾಡಿದರೆ ಅಲ್ಲಿ ಕೆಲಸವೇ ನಿಲ್ಲುತ್ತದೆ. ಒಮ್ಮೆ ಮೊಳೆ ಬಿಚ್ಚಿದರೆ ಮುಗಿಯಿತು, ಎರಡನೆಯ ಮುದ್ರಣ ಬೇಕೆಂದರೆ ಮೊದಲ ಅಕ್ಷರದಿಂದ ಮತ್ತೆ ಜೋಡಿಸಬೇಕು. ಹೀಗಾಗಿ 'ಎಷ್ಟು ಪ್ರತಿ ಹಾಕಿಸಲಿ?' ಎಂಬ ಒಂದು ಪ್ರಶ್ನೆಯಲ್ಲೇ ಪ್ರಕಾಶಕರ ಅಳಿವು ಉಳಿವು. ಕಡಿಮೆ ಹಾಕಿಸಿದರೆ ಒಂದೊಂದು ಪ್ರತಿಗೂ ಬೀಳುವ ಖರ್ಚು ಜಾಸ್ತಿ. ಹೆಚ್ಚು ಹಾಕಿಸಿದರೆ ಉಳಿದ ಪ್ರತಿ ಗೆದ್ದಲಿನ ಪಾಲು.

ಇಂಥ ಲೆಕ್ಕದ ನಡುವೆ ತಿರುಮಲಾಂಬ ಅವರ ಮೊದಲ ಕಾದಂಬರಿ 'ಸುಶೀಲೆ' 1913ರಲ್ಲಿ ಹೊರಬಂತು. ಅದು ಒಂದು ಮುದ್ರಣಕ್ಕೆ ಮುಗಿಯಲಿಲ್ಲ, ಮತ್ತೆ ಮತ್ತೆ ಅಚ್ಚಾಯಿತು. ಮೊಳೆ ಮತ್ತೆ ಜೋಡಿಸುವ ಖರ್ಚು ಹೊತ್ತರೂ ನಷ್ಟವಾಗದು ಎಂಬ ಧೈರ್ಯ ಇದ್ದರೆ ಮಾತ್ರ ಮರುಮುದ್ರಣಕ್ಕೆ ಕೈ ಹಾಕುತ್ತಾರೆ. ನೂರಕ್ಕೆ ಒಬ್ಬರು ಓದುವ ನಾಡಿನಲ್ಲಿ ಅಷ್ಟು ಓದುಗರು ಎಲ್ಲಿದ್ದರು? ಅವರ ಕೈಗೆ ಪುಸ್ತಕ ಹೋದದ್ದಾದರೂ ಹೇಗೆ?

ಅಂಚೆಯಣ್ಣನ ಚೀಲ

ಈ ಪ್ರಶ್ನೆಗೆ ಉತ್ತರ ಬೇಕಾದರೆ ಅಂಚೆ ಕಚೇರಿಗೆ ಹೋಗಬೇಕು. ಮೈಸೂರು ಸಂಸ್ಥಾನದ ಅಂಚೆ ಬಹಳ ಹಳೆಯದು, ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ್ದು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯೊಂದಿಗೆ ಸೇರಿಹೋಯಿತು. ಅದರಿಂದ ನಂಜನಗೂಡಿನಂಥ ಊರಿನ ಅಂಚೆ ಪೆಟ್ಟಿಗೆಗೂ ದೇಶದ ಎಲ್ಲ ಮೂಲೆಗೂ ಒಂದೇ ದಾರಿ, ಒಂದೇ ದರ. ಕಾಲಾಣೆಯ ಕಾರ್ಡು 1879ರಲ್ಲೇ ಬಂದಿತ್ತು. ಮನಿ ಆರ್ಡರು 1880ರಲ್ಲಿ ಅಂಚೆ ಕಚೇರಿಗೆ ಬಂತು. ಇವೆರಡಕ್ಕಿಂತ ಮೊದಲು, 1877ರಲ್ಲಿ, ವಿ.ಪಿ.ಪಿ. ಎಂಬ ಏರ್ಪಾಡು ಶುರುವಾಗಿತ್ತು.

ವಿ.ಪಿ.ಪಿ. ಎಂದರೆ ಏನೆಂದು ನಮ್ಮ ಹಿರಿಯ ಕೇಳುಗರಿಗೆ ಹೇಳಬೇಕಾಗಿಲ್ಲ. ಕಿರಿಯರಿಗಾಗಿ ಒಂದು ಮಾತು: ನೀವು ಈಗ 'ಕ್ಯಾಶ್ ಆನ್ ಡೆಲಿವರಿ' ಅನ್ನುತ್ತೀರಲ್ಲ, ಅದರ ಅಜ್ಜ ಇದು. ಪುಸ್ತಕ ಮೊದಲು ಹೋಗುತ್ತದೆ. ಅಂಚೆಯವನು ಮನೆ ಬಾಗಿಲಲ್ಲಿ ಹಣ ಪಡೆದು ಕಟ್ಟು ಕೊಡುತ್ತಾನೆ. ಆ ಹಣ ಮನಿ ಆರ್ಡರಾಗಿ ಪ್ರಕಾಶಕರಿಗೆ ಬರುತ್ತದೆ. ಕೊಳ್ಳುವವರು ಯಾರನ್ನೋ ನಂಬಿ ಮುಂಗಡ ಹಣ ಕಳಿಸಬೇಕಾಗಿಲ್ಲ, ಮಾರುವವರು ಯಾರ ಮನೆಗೂ ಹೋಗಬೇಕಾಗಿಲ್ಲ. ಇದಕ್ಕೂ ಒಂದು ಅಪಾಯವಿತ್ತು. ಯಾರಾದರೂ 'ಬೇಡ' ಎಂದು ಕಟ್ಟು ಹಿಂದಿರುಗಿಸಿದರೆ ಅಂಚೆ ಖರ್ಚು ಕಳುಹಿಸಿದವರ ತಲೆಗೇ ಬೀಳುತ್ತಿತ್ತು. ಆರ್ಡರು ಕೊಟ್ಟು ಬಾಗಿಲಲ್ಲಿ 'ಬೇಡ' ಅನ್ನುವ ಗಿರಾಕಿಗಳು ಇವತ್ತಿನ ಸೃಷ್ಟಿಯೇನಲ್ಲ!

ಅಂಚೆಯ ಜೊತೆಗೆ ಇನ್ನೊಂದು ಉಪಾಯವೂ ಆ ಕಾಲದಲ್ಲಿ ರೂಢಿಯಲ್ಲಿತ್ತು. ಅದೇ 'ಗ್ರಂಥಮಾಲೆ'. ಮೈಸೂರಿನಲ್ಲಿ ಎಂ.ಎ. ರಾಮಾನುಜಯ್ಯಂಗಾರ್ಯರು ಹಳಗನ್ನಡ ಕಾವ್ಯಗಳನ್ನು 'ಕಾವ್ಯಮಂಜರಿ', 'ಕಾವ್ಯಕಲಾನಿಧಿ' ಮಾಲೆಗಳಲ್ಲಿ ತಂದ ಬಗೆಯೂ ಅದೇ. ಬಿಡಿ ಪುಸ್ತಕ ಮಾರುವ ಬದಲು ಮಾಲೆಗೆ ಓದುಗರನ್ನು ಸೇರಿಸುವುದು. ಒಂದು ಪುಸ್ತಕ ಮೆಚ್ಚಿದವರು ಮುಂದಿನದಕ್ಕೂ ಹೆಸರು ಬರೆಸುತ್ತಾರೆ. ಎಷ್ಟು ಹೆಸರಿದೆಯೋ ಅದರ ಮೇಲೆ ಎಷ್ಟು ಪ್ರತಿ ಹಾಕಿಸಬೇಕೆಂದು ಲೆಕ್ಕ ಸಿಗುತ್ತದೆ. ಬ್ಯಾಂಕು ಕೊಡದ ಬಂಡವಾಳವನ್ನು ಓದುಗರೇ ಕೊಟ್ಟಂತಾಯಿತು. ತಿರುಮಲಾಂಬ ಅವರು ತಮ್ಮದನ್ನು ಬರೀ ಪುಸ್ತಕ ಅನ್ನದೆ 'ಮಾಲೆ' ಎಂದು ಕಟ್ಟಿದ್ದರಲ್ಲಿ ಈ ವ್ಯವಹಾರ ಜ್ಞಾನ ಕಾಣುತ್ತದೆ. ಎರಡು ಡಜನಿಗೂ ಹೆಚ್ಚು ಸ್ವಂತ ಕೃತಿಗಳಲ್ಲದೆ ಬೇರೆಯವರ ಪುಸ್ತಕಗಳೂ ಆ ಮಾಲೆಯಲ್ಲಿ ಬಂದವು.

ಇಲ್ಲಿ ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ. ಆಗ ಕರ್ನಾಟಕ ಎಂಬ ಒಂದು ರಾಜ್ಯವೇ ಇರಲಿಲ್ಲ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಮಂಗಳೂರು ಬಳ್ಳಾರಿ ಮದರಾಸು ಪ್ರಾಂತದಲ್ಲಿ, ರಾಯಚೂರು ಕಲಬುರಗಿ ನಿಜಾಮರ ಸೀಮೆಯಲ್ಲಿ, ಕೊಡಗು ಬೇರೆಯೇ. ಮೈಸೂರಿನ ಒಬ್ಬ ಪ್ರಕಾಶಕಿಗೆ ಕನ್ನಡ ಓದುಗರಲ್ಲಿ ಹೆಚ್ಚಿನ ಪಾಲು 'ಹೊರರಾಜ್ಯದವರು'! ಆ ಗಡಿಗಳನ್ನೆಲ್ಲ ದಾಟಿ ಹೋಗುವ ಸುಲಭದ ವಾಹನ ಅಂಚೆಯೊಂದೇ. ಹೊರನಾಡಿನಲ್ಲಿದ್ದು ಕನ್ನಡದ ಕಟ್ಟಿಗಾಗಿ ಕಾಯುವ ಸುಖವನ್ನು ಬಲ್ಲವರು ನಿಮಗಿಂತ ಯಾರಿದ್ದಾರೆ?

ನಡೆದವರು, ನಡೆಸಿದವರು

ಇದೇ ಕಾಲದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೊಬ್ಬರು ಬರವಣಿಗೆಯನ್ನೇ ಕಸುಬು ಮಾಡಿಕೊಂಡಿದ್ದರು. ಅವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ (1869-1942). ಶಾಲಾಮಾಸ್ತರಿಕೆ ಬಿಟ್ಟು ಬರವಣಿಗೆ ಹಿಡಿದವರು. ಪುಣೆಯ ಕೇಳುಗರಿಗೆ ಇದು ಹತ್ತಿರದ ವಿಷಯ: ಪುಣೆಯ ಹರಿ ನಾರಾಯಣ ಆಪಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಓದುವ ಗೀಳು ಹಚ್ಚಿದವರು ಅವರೇ. 1907ರಲ್ಲಿ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ನಡೆಸತೊಡಗಿದರು. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡದ ಮನೆಮಾತು.

ಗಳಗನಾಥರ ಆ ಗಂಟನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಯೋಚಿಸಿ, ಆ ದಾರಿ ಬಾಲವಿಧವೆಯೊಬ್ಬರಿಗೆ ತೆರೆದಿತ್ತೇ? ಸಂತೆಯಲ್ಲಿ ನಿಂತು ಪುಸ್ತಕ ಹಿಡಿದು ಕೂಗುವುದಿರಲಿ, ಶುಭಕಾರ್ಯದ ಮನೆಗೆ ಹೋದರೆ ಮುಖ ತಿರುಗಿಸುವ ಕಾಲ. ಗಳಗನಾಥರು ಪುಸ್ತಕ ಹೊತ್ತು ತಾವು ನಡೆದರು. ತಿರುಮಲಾಂಬ ಅವರಂಥವರ ಪಾಲಿಗೆ ಆ ನಡಿಗೆಯನ್ನು ಅಂಚೆಯವನ ಕಾಲು ನಡೆಯಬೇಕಾಗಿತ್ತು. ಆಕೆಯನ್ನು ಒಳಗೆ ಬಿಡದ ಹೊಸ್ತಿಲನ್ನು ಆಕೆಯ ಪುಸ್ತಕ ದಾಟಬಲ್ಲುದಾಗಿತ್ತು.

ಆ ಹೊಸ್ತಿಲು ದಾಟಲು ಗ್ರಂಥಮಾಲೆಯ ಹೆಸರೂ ನೆರವಾಗಿರಬೇಕೆಂದು ನನಗನ್ನಿಸುತ್ತದೆ. 'ಸತೀ ಹಿತೈಷಿಣೀ'! ಸತಿಯರ ಹಿತ ಬಯಸುವವಳು. ಈ ಹೆಸರು ಹೊತ್ತ ಪುಸ್ತಕವನ್ನು ಮಾವನವರು ಸೊಸೆಯ ಕೈಯಿಂದ ಕಿತ್ತುಕೊಳ್ಳುವುದು ಕಷ್ಟ. ಒಳಗಿನ ಕತೆಗಳೂ ಪಾತಿವ್ರತ್ಯ, ಗೃಹಿಣೀಧರ್ಮಗಳ ಮಾತನ್ನೇ ಆಡುತ್ತವೆ. ಇದು ಹಳೆಯ ಆದರ್ಶವೇ ಹೊರತು ಹೊಸದೇನಲ್ಲ ಎಂದು ಮುಂದಿನ ತಲೆಮಾರಿನವರಿಗೆ ಅನ್ನಿಸಿದ್ದುಂಟು. ಆ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಹೆಣ್ಣುಮಕ್ಕಳು ಓದಬೇಕು ಎಂಬ ಮಾತನ್ನು ಆಕೆ ಬಿಡಲಿಲ್ಲ. ಮತ್ತೆ, ಕತೆಯಲ್ಲಿ ಗೃಹಿಣಿಯ ಆದರ್ಶ ಹೇಳುತ್ತಿದ್ದವರು ಬದುಕಿನಲ್ಲಿ ಅಚ್ಚುಕೂಟದ ಲೆಕ್ಕ ನೋಡುತ್ತಿದ್ದರು. ಬರೆದದ್ದಕ್ಕಿಂತ ಬದುಕಿದ್ದೇ ಒಂದು ಹೆಜ್ಜೆ ಮುಂದಿತ್ತು.

1914ರಲ್ಲಿ ಬಂದ 'ನಭಾ' ಪತ್ರಗಳ ರೂಪದಲ್ಲಿರುವ ಕಾದಂಬರಿ. ಪುಸ್ತಕದ ವ್ಯವಹಾರವೆಲ್ಲ ಕಾಗದದಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಕಾಗದಗಳೇ ಕತೆ ಹೇಳಿದ್ದು ಸಹಜವಾಗಿಯೇ ಇದೆ.

ತಿಂಗಳಿಗೊಮ್ಮೆ ಬರುವ ಗಡುವು

ಗ್ರಂಥಮಾಲೆ ಕೈ ಹಿಡಿಯಿತು ಎಂದು ಧೈರ್ಯ ಬಂದ ಮೇಲೆ, ಅದೇ ದಶಕದ ಉತ್ತರಾರ್ಧದಲ್ಲಿ ತಿರುಮಲಾಂಬ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ಹೊರಡಿಸಿದರು. ಇಲ್ಲಿ ಲೆಕ್ಕವೇ ಬೇರೆ. ಪುಸ್ತಕ ಒಂದು ತಿಂಗಳು ತಡವಾದರೆ ಓದುಗರು ಸುಮ್ಮನಿರುತ್ತಾರೆ. ಪತ್ರಿಕೆ ತಡವಾದರೆ ಚಂದಾದಾರರ ಕಾರ್ಡು ಬರತೊಡಗುತ್ತದೆ. ಲೇಖನ ತರಿಸಬೇಕು, ಬರದಿದ್ದರೆ ತಾನೇ ಬರೆದು ಪುಟ ತುಂಬಿಸಬೇಕು. ಕರಡು ತಿದ್ದಬೇಕು, ವಿಳಾಸ ಬರೆಯಬೇಕು, ಚಂದಾ ಮುಗಿದವರಿಗೆ ನೆನಪಿಸಬೇಕು. ಚಂದಾ ಹಣ ವರ್ಷದ ಮೊದಲಿಗೇ ಬಂದು ಖರ್ಚಾಗಿರುತ್ತದೆ, ಆದರೆ ಹನ್ನೆರಡನೆಯ ಸಂಚಿಕೆಯ ಋಣ ಉಳಿದೇ ಇರುತ್ತದೆ.

ಅದರ ಮೇಲೆ ಯುದ್ಧ ಬೇರೆ. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧದಲ್ಲಿ ಹಡಗುಗಳ ಓಡಾಟ ಕುಗ್ಗಿ, ಹೊರದೇಶದ ಕಾಗದ ಬರುವುದು ಕಷ್ಟವಾಯಿತು, ಬೆಲೆ ಏರಿತು. ಎಷ್ಟೋ ಪತ್ರಿಕೆಗಳ ಜೀವ ಹಿಂಡಿದ ಕಾಲ ಅದು. 1922ರಲ್ಲಿ ಕಾಲಾಣೆಯ ಕಾರ್ಡು ಅರ್ಧಾಣೆಯಾಯಿತು. ಕಾಲಾಣೆ ಏರಿಕೆ ಏನು ಮಹಾ ಎನ್ನಬೇಡಿ. ನೂರಾರು ಓದುಗರೊಂದಿಗೆ ಕಾಗದದಲ್ಲೇ ಮಾತಾಡುವವರಿಗೆ ಅದು ದುಪ್ಪಟ್ಟು ಖರ್ಚು.

'ಕರ್ನಾಟಕ ನಂದಿನಿ' ಹೆಚ್ಚು ಕಾಲ ಬಾಳಲಿಲ್ಲ. ಗ್ರಂಥಮಾಲೆ ಮುಂದುವರಿಯಿತಾದರೂ 1930ರ ದಶಕದ ಕೊನೆಯ ಹೊತ್ತಿಗೆ ಅವರ ಬರವಣಿಗೆ ನಿಂತಿತ್ತು. ತಿರುಮಲಾಂಬ ಅವರಿಗೆ ಆಗ ಐವತ್ತು ದಾಟಿದ ವಯಸ್ಸು. ಮುಂದೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅವರು ಬದುಕಿದ್ದರು.

ಎರಡನೆಯ ಕೈ

ಅಷ್ಟೆಲ್ಲ ಕಟ್ಟಿದ್ದು ಏಕೆ ನಿಂತಿತು? ಇದನ್ನು ತಿಳಿಯಲು ಬೇರೆ ಇಬ್ಬರ ಜೊತೆ ಹೋಲಿಸಿ ನೋಡಬೇಕು.

ಬೆಂಗಳೂರಿನ ಆರ್. ಕಲ್ಯಾಣಮ್ಮನವರೂ ಬಾಲವಿಧವೆಯೇ. 1921ರಲ್ಲಿ 'ಸರಸ್ವತಿ' ಎಂಬ ಮಹಿಳಾ ಮಾಸಪತ್ರಿಕೆ ಆರಂಭಿಸಿ ನಾಲ್ಕು ದಶಕ ನಡೆಸಿದರು. ಅದೂ ಒಬ್ಬರ ಪಟ್ಟೇ. ಆದರೆ ಅವರ ಸುತ್ತ ಶಾರದಾ ಸ್ತ್ರೀ ಸಮಾಜ ಇತ್ತು, 1938ರಲ್ಲಿ ಮಕ್ಕಳ ಕೂಟ ಬಂತು. ಜೊತೆಗೆ ದುಡಿಯುವ ಹೆಂಗಸರು, ಬಂದು ಹೋಗುವ ಮಕ್ಕಳು, ಸಭೆ ಸಮಾರಂಭ. ದಣಿದಾಗ ಒರಗಲು ಒಂದು ಗೋಡೆ ಇತ್ತು.

ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಧಾರವಾಡದವರು ಅದನ್ನು 'ಅಟ್ಟ' ಅನ್ನುತ್ತಾರೆ. ಅಲ್ಲಿಯೂ ಮೊದಲಿನಿಂದ ಚಂದಾದಾರರ ಬಲವೇ ಬಂಡವಾಳ. ಆದರೆ ಆ ಅಟ್ಟ ಎಂದೂ ಒಬ್ಬರದ್ದಾಗಿರಲಿಲ್ಲ. ಗೆಳೆಯರು ಹತ್ತಿ ಬರುತ್ತಿದ್ದರು, ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಹಸ್ತಪ್ರತಿ ನೋಡುತ್ತಿದ್ದರು, ಮುಂದೆ ಮಗ ರಮಾಕಾಂತ ಜೋಶಿಯವರು ಹೊಣೆ ಹೊತ್ತರು. ಅದಕ್ಕೇ ಅದು ತಲೆಮಾರು ದಾಟಿ ಬಂದಿದೆ.

ಇನ್ನು ನಂಜನಗೂಡಿಗೇ ಮರಳಿ ಬನ್ನಿ. ಅದೇ 1913ರ ಹಲ್ಲುಪುಡಿ ಇಂದಿಗೂ ಸಿಗುತ್ತದೆ. ಪುಡಿಗೊಂದು ಪಾಕವಿದೆ. ಅಳತೆ ಬರೆದಿಟ್ಟು ಮಗನಿಗೋ ಕೆಲಸದವನಿಗೋ ಕಲಿಸಿಕೊಡಬಹುದು. ಕತೆ ಬರೆಯುವ ಕೈಯನ್ನು ಹಾಗೆ ಕಲಿಸಿಕೊಡಲಾಗದು ನಿಜ. ಆದರೆ ಚಂದಾದಾರರ ಪಟ್ಟಿ ಕೊಡಬಹುದು, ಅಚ್ಚುಕೂಟದ ಸಂಬಂಧ ಕೊಡಬಹುದು, ಕರಡು ತಿದ್ದುವುದನ್ನು ಕಲಿಸಬಹುದು, ಮಾಲೆಯ ಹೆಸರನ್ನೇ ಕೊಡಬಹುದು. ಅದನ್ನು ಪಡೆಯಲು ಇನ್ನೊಂದು ಕೈ ಬೇಕು. ಮನೆಯಿಂದ ಒಬ್ಬರೇ ನಡೆಸುವ ಕಸುಬಿನ ಬಲವೂ ಇಲ್ಲೇ, ಕುತ್ತೂ ಇಲ್ಲೇ. ಯಾರ ಅಪ್ಪಣೆಯೂ ಬೇಡದೆ ಶುರು ಮಾಡಬಹುದು. ಆದರೆ ಬರೆಯುವ ಕೈ, ತಿದ್ದುವ ಕೈ, ಕಟ್ಟು ಕಟ್ಟುವ ಕೈ ಒಂದೇ ಆಗಿದ್ದಾಗ ಆ ಕೈ ಸೋತ ದಿನ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ.

ಮದರಾಸಿನ ಮೌನ

ಚೆನ್ನೈನ ಕೇಳುಗರೇ, ಇದು ವಿಶೇಷವಾಗಿ ನಿಮಗೆ. ತಿರುಮಲಾಂಬ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಿಮ್ಮ ಊರಿನಲ್ಲೇ, 1982ರಲ್ಲಿ ತೀರಿಕೊಂಡದ್ದೂ ಅಲ್ಲೇ. ಒಂದು ಕಾಲಕ್ಕೆ ಕನ್ನಡದ ಮನೆಮನೆಗೆ ಹೆಸರು ಕಳಿಸಿದ್ದ ಹೆಂಗಸು ಆ ದೊಡ್ಡ ನಗರದಲ್ಲಿ ಯಾರ ಗಮನಕ್ಕೂ ಬಾರದ ಒಬ್ಬ ಅಜ್ಜಿಯಾಗಿ ಬಾಳಿದರು.

ಅವರನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು ಸಿ.ಎನ್. ಮಂಗಳಾ ಅವರು. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಅವರು ತಿರುಮಲಾಂಬ ಅವರ ಬಗ್ಗೆ ಅಭ್ಯಾಸ ಮಾಡಿ ಬರೆದರು. ಆ ಕಾಲೇಜಿನಲ್ಲಿ ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆಯಿಂದ ನಂಜನಗೂಡು ತಿರುಮಲಾಂಬ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೂ ಬಂತು. ತಡವಾಗಿ ಬಂದ ನ್ಯಾಯ. ಆದರೂ ಬಂತಲ್ಲ!

ಲೇಖಕಿಯಾಗಿ ಅವರಿಗೆ ಸಂದ ಗೌರವ ಉದ್ಯಮಿಯಾಗಿ ಇನ್ನೂ ಸಂದಿಲ್ಲ. ಸಾಲ ಕೊಡುವವರಿಲ್ಲದೆ, ಅಂಗಡಿಯಿಲ್ಲದೆ, ನಗರದಿಂದ ದೂರ ಕೂತು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದು ಪ್ರಕಾಶನ ನಡೆಸುವುದು ಸಣ್ಣ ಮಾತೇ? ನಾವು ಕಾರ್ಖಾನೆ ಕಟ್ಟಿದವರ ಇತಿಹಾಸ ಬರೆಯುತ್ತೇವೆ, ಬ್ಯಾಂಕು ಕಟ್ಟಿದವರ ಇತಿಹಾಸ ಬರೆಯುತ್ತೇವೆ. ಪಡಸಾಲೆಯಲ್ಲಿ ಕಟ್ಟಿದ್ದಕ್ಕೆ ಮಾತ್ರ 'ಹವ್ಯಾಸ' ಎಂಬ ಹೆಸರಿಟ್ಟು ಬದಿಗೆ ಸರಿಸುತ್ತೇವೆ.

ನಿಮ್ಮ ಮನೆಯ ಲೆಕ್ಕ

ಅಂಚೆಯ ಕತೆ ಇನ್ನೂ ಮುಗಿದಿಲ್ಲ. ಪುಸ್ತಕದವರಿಗೆ ಆಧಾರವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ಸಣ್ಣ ಪ್ರಕಾಶಕರಿಗೆ ಪೆಟ್ಟು ಬಿತ್ತು. ಪಠ್ಯ ಮತ್ತು ಜ್ಞಾನದ ಪುಸ್ತಕಗಳಿಗಾಗಿ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಬಂತು. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಕಾಲಾಣೆ ಕಾರ್ಡಿನಂತೆ ಇವೂ ಕೇಳುವುದಕ್ಕೆ ಸಣ್ಣ ಸುದ್ದಿ. ಮನೆಯಿಂದ ಪುಸ್ತಕ ಕಳಿಸುವವರಿಗೆ ಮಾತ್ರ ದೊಡ್ಡ ಸುದ್ದಿ. ನಿಮ್ಮ ದಾರಿ ಇನ್ನೊಬ್ಬರ ಕೈಯಲ್ಲಿದ್ದಾಗ ಆ ದಾರಿಯ ಸುಂಕ ಏರಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಅಂದಿಗೂ ಇತ್ತು, ಇಂದಿಗೂ ಇದೆ.

ಹಾಗಾದರೆ ಆ ಮನೆಯ ಕತೆಯಿಂದ ಏನು ತೆಗೆದುಕೊಳ್ಳೋಣ? ನಿಮ್ಮ ಗಿರಾಕಿ ಯಾರೆಂದು ಹತ್ತಿರದಿಂದ ತಿಳಿದುಕೊಳ್ಳುವುದು. ಒಮ್ಮೆ ಕೊಂಡವರನ್ನು ಮತ್ತೆ ಬರುವಂತೆ 'ಮಾಲೆ'ಯಲ್ಲಿ ಪೋಣಿಸುವುದು. ಇವೆರಡನ್ನೂ ತಿರುಮಲಾಂಬ ಮಾಡಿ ತೋರಿಸಿದರು. ಮೂರನೆಯದು ಅವರಿಗೆ ಒದಗಲಿಲ್ಲ, ನಮಗೆ ಒದಗಬಹುದು: ಕೆಲಸ ನಿಮ್ಮೊಬ್ಬರದೇ ಆಗಿದ್ದರೂ, ಅದರ ಲೆಕ್ಕ, ವಿಳಾಸ, ಗುಟ್ಟು ಬಲ್ಲ ಇನ್ನೊಂದು ಜೀವ ಜೊತೆಗಿರಲಿ. ಮಗಳಿರಬಹುದು, ಪಕ್ಕದ ಫ್ಲ್ಯಾಟಿನ ಗೆಳತಿ ಇರಬಹುದು, ಕನ್ನಡ ಸಂಘದಲ್ಲಿ ಸಿಕ್ಕ ಅದೇ ಕಸುಬಿನವರಿರಬಹುದು. ವಾರಕ್ಕೊಮ್ಮೆ ಕೂತು ಮಾತಾಡಿದರೂ ಸಾಕು.

ನಿಮ್ಮ ಅಜ್ಜಿಯ ಟ್ರಂಕಿನಲ್ಲೋ ಸಂಘದ ವಾಚನಾಲಯದ ಮೇಲಿನ ಕಪಾಟಿನಲ್ಲೋ 'ಸತೀ ಹಿತೈಷಿಣೀ' ಎಂದು ಅಚ್ಚಾದ ಹಳೆಯ ಪುಸ್ತಕ ಕಂಡರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಧೂಳು ಕೊಡವಿ, ಒಳಪುಟ ತೆರೆದು ನೋಡಿ. ಕಾದಂಬರಿಯ ಹೆಸರಿನಷ್ಟೇ ಗಮನದಿಂದ, ಅದನ್ನು ಪ್ರಕಟಿಸಿದವರ ಹೆಸರನ್ನೂ ಒಮ್ಮೆ ಓದಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಕೇಳುತ್ತಿರಿ, ಓದುತ್ತಿರಿ.